ಅವ್ವ ಸೂಜಿ ಹಾಕಿಸಿಕೊಂಡದ್ದು

ನನ್ನ ದನಿ ದೊಡ್ಡದು. ಇದನ್ನು ಹೆಮ್ಮೆಯಿಂದಲೂ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಕೆಲವರು ಬಲಗೆನ್ನೆಯ ಮೇಲೆ ಮಚ್ಚೆ ಇದೆ ಎಂದು ಅರ್ಜಿಯಲ್ಲಿ ಬರೆಸುತ್ತಾರಲ್ಲ, ಹಾಗೆ ಗುರುತಿಗೆಂದು ಹೇಳುತ್ತಿದ್ದೇನೆ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ್ದಕ್ಕೆ ಬಂದ ದನಿ ಇದು ಎಂದು ತಿಳಿದವರಿದ್ದಾರೆ. ಅದು ತಪ್ಪು. ನಮ್ಮಪ್ಪನದು ಹತ್ತಿಯಂಥ ದನಿ. ಅಪ್ಪ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಮೆಲ್ಲಗೆ ಒಂದು ಸದ್ದು ಮಾಡಿದರೆ ಮೂವತ್ತು ಕುರಿಗಳೂ ತಲೆ ಎತ್ತಿ ನೋಡುತ್ತವೆ. ಅವ್ವನಿಗೆ ಚಿಕ್ಕಂದಿನಿಂದ ಉಬ್ಬಸ. ಜೋರಾಗಿ ಕೂಗಲು ಉಸಿರು ಸಾಲುವುದಿಲ್ಲ. ಇಬ್ಬರೂ ಬಳಸದೆ ಉಳಿಸಿದ್ದೆಲ್ಲ ಒಟ್ಟಾಗಿ ನನಗೆ ಬಂದಿರಬೇಕು. ಮಧುಗಿರಿಯಲ್ಲಿ ಬಿ.ಎ. ಓದುವಾಗ ನಾನು ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದ್ದು ಪಕ್ಕದ ತರಗತಿಯ ಮೇಷ್ಟ್ರಿಗೆ ಕೇಳಿ, ಅವರು ಬಂದು ನನ್ನನ್ನು ಹೊರಗೆ ಕಳಿಸಿದ್ದುಂಟು. ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಸರ್ಕಾರಿ ಕೆಲಸದ ಪರೀಕ್ಷೆಗಳನ್ನು ಬರೆದೆ. ಅವುಗಳಲ್ಲಿ ದನಿಗೆ ಅಂಕ ಇರಲಿಲ್ಲ. ಕೊನೆಗೆ ದನಿಯೊಂದನ್ನೇ ನೋಡಿ ಕೊಡುವ ಕೆಲಸ ಸಿಕ್ಕಿತು. ಪಾವಗಡದಿಂದ ಮಧುಗಿರಿ, ಕೊರಟಗೆರೆ ಮೇಲೆ ತುಮಕೂರಿಗೆ ಹೋಗುವ ಒಂದು ಖಾಸಗಿ ಬಸ್ಸಿಗೆ ಕಂಡಕ್ಟರ್ ಆದೆ.

ಖಾಸಗಿ ಬಸ್ಸಿನ ಕಂಡಕ್ಟರನ ವಿದ್ಯೆ ಎಂದರೆ ಟಿಕೆಟ್ ಹರಿಯುವುದಲ್ಲ, ಜನರನ್ನು ಒತ್ತಿ ತುಂಬುವುದು. ಇಬ್ಬರ ಸೀಟಿನಲ್ಲಿ ಮೂವರು, ಮೂವರ ಸೀಟಿನಲ್ಲಿ ಐವರು, ಇಂಜಿನ್ ಮೇಲೆ ಹೈಸ್ಕೂಲ್ ಮೇಷ್ಟ್ರು, ಮೇಷ್ಟ್ರ ತೊಡೆಯ ಮೇಲೆ ಯಾರದೋ ಟೊಮೇಟೊ ಬುಟ್ಟಿ. "ಹಿಂದೆ ಖಾಲಿ ಐತೆ, ಒಳೀಕ್ ನಡೀರಿ, ವಸಿ ಅಡ್ಜಸ್ಟ್ ಮಾಡ್ಕಳಿ" ಎನ್ನುವುದು ನನ್ನ ದಿನದ ಮಂತ್ರ. ಹಿಂದೆ ಯಾವತ್ತೂ ಖಾಲಿ ಇರುತ್ತಿರಲಿಲ್ಲ. ಒಮ್ಮೆ ಮಿಡಿಗೇಶಿಯಲ್ಲಿ ಹತ್ತಿದ ಮುದುಕರೊಬ್ಬರು ಒಂದೇ ಕಾಲಿನ ಮೇಲೆ ನಿಂತುಕೊಂಡು, "ಅಲ್ಲ ಕಣಪ್ಪ, ಹಿಂದೆ ಖಾಲಿ ಐತೆ ಅಂತ ಆಗ್ಲಿಂದ ಅಂತಿದ್ದೀಯಲ್ಲ, ಹಿಂದೆ ಅಂದ್ರೆ ಯಾವೂರಾಗೆ?" ಎಂದು ಬಹಳ ಸಮಾಧಾನದಿಂದ ಕೇಳಿದ್ದರು. ನಮ್ಮ ಡ್ರೈವರ್ ರಾಮಾಂಜಿನಪ್ಪನವರು ಆ ಮಾತಿಗೆ ಮಧುಗಿರಿ ಬರುವವರೆಗೂ ನಕ್ಕರು. ಅವರು ಪಾವಗಡದ ಕಡೆಯ ಬಲಸಮುದ್ರದವರು, ಐವತ್ತು ದಾಟಿದ ಭಾರಿ ಆಳು, ಕನ್ನಡವನ್ನು ತೆಲುಗಿನಲ್ಲಿ ಅದ್ದಿ ಅದ್ದಿ ಆಡುವವರು. ನನ್ನ ದನಿಗೆ ಅವರು 'ರೆಂಡೋ ಹಾರನ್ನು' ಎಂದು ಹೆಸರಿಟ್ಟಿದ್ದರು. ಎರಡನೆಯ ಹಾರನ್ ಎಂದರ್ಥ. ಮೊದಲನೆಯದು ಕೆಟ್ಟಾಗ ನಿಜವಾಗಿಯೂ ಕೊರಟಗೆರೆಯವರೆಗೆ ನನ್ನಿಂದಲೇ ಕೆಲಸ ನಡೆಸಿದ್ದರು.

ಕೊರೋನಾ ಬಂದು ಬಸ್ಸುಗಳೆಲ್ಲ ಒಂದೇ ದಿನ ನಿಂತವು. ನಾನು ಐ.ಡಿ.ಹಳ್ಳಿ ಹೋಬಳಿಯ ನಮ್ಮ ಸಣ್ಣ ಊರಿಗೆ ಬಂದು ಮನೆ ಸೇರಿದೆ. ಆಗ ನನಗೆ ಇಪ್ಪತ್ತೈದು ವರ್ಷ. ಮೊದಲ ವಾರ ನಿದ್ದೆ ಮಾಡಿದೆ. ಎರಡನೇ ವಾರದಲ್ಲಿ, ನನಗೆ ಮನೆಯಲ್ಲಿ ಇರಲು ಬರುವುದಿಲ್ಲ ಎಂಬುದು ಗೊತ್ತಾಯಿತು. ಕೂತರೆ ಕಾಲು ಜೋಮು ಹಿಡಿಯುತ್ತಿತ್ತು. ಹಾಗಾಗಿ ಬಾಗಿಲಿನ ಚೌಕಟ್ಟು ಹಿಡಿದು, ಒಂದು ಕಾಲು ಹೊಸ್ತಿಲ ಮೇಲೆ, ಇನ್ನೊಂದು ಗಾಳಿಯಲ್ಲಿ ಇಟ್ಟುಕೊಂಡು ದಿನವಿಡೀ ನಿಂತಿರುತ್ತಿದ್ದೆ. ಅವ್ವ ಬಿಂದಿಗೆ ಹಿಡಿದು ಹೊರಗೆ ಹೊರಟರೆ ಅರಿವಿಲ್ಲದೆ ಪಕ್ಕಕ್ಕೆ ಸರಿದು "ಇಳಿಯೋರು ಮೊದ್ಲು ಇಳೀಲಿ" ಎನ್ನುತ್ತಿದ್ದೆ. ಒಂದು ಮಧ್ಯಾಹ್ನ ಮಲಗಿದ್ದವನು "ಕೊರಟಗೆರೆ, ಕೊರಟಗೆರೆ" ಎಂದು ಕೂಗಿದೆನಂತೆ; ಎದುರು ಮನೆಯ ಜಗಲಿಯ ಮೇಲಿದ್ದ ನಾಯಿ ಎದ್ದು ನಿಂತಿತಂತೆ. ಅವ್ವ ನನ್ನನ್ನು ಅಲುಗಿಸಿ ಎಬ್ಬಿಸಿ, "ಲೇ ಜುಂಜ, ಮನೇಲಿರೋದು ಮೂರೇ ಜನ ಕಣ್ಲಾ. ಊರಿಗೆಲ್ಲ ಯಾಕೆ ಕೇಳಿಸ್ತೀಯ?" ಎಂದಳು.

ಲಾಕ್‌ಡೌನ್ ಎಂಬುದು ಅಪ್ಪನನ್ನು ಮಾತ್ರ ಮುಟ್ಟಲೇ ಇಲ್ಲ. ಬೆಳಿಗ್ಗೆ ಕುರಿ ಬಿಟ್ಟುಕೊಂಡು ಹೋದರೆ ಸಂಜೆಗೆ ಬರುತ್ತಿದ್ದ. ಜನರಿಂದ ದೂರ ಇರಬೇಕು, ಗುಂಪು ಸೇರಬಾರದು ಎಂದು ನಾನು ಓದಿದವನ ಗತ್ತಿನಲ್ಲಿ ತಿಳಿಸಿ ಹೇಳಿದಾಗ, "ಇಷ್ಟು ವರ್ಷ ನಾನಿನ್ನೇನ್ ಮಾಡ್ತಿದ್ದೆ ಮತ್ತೆ" ಎಂದು ಕಂಬಳಿ ಕೊಡವಿದ. ಹೊತ್ತು ಹೋಗದೆ ಒಂದು ದಿನ ನಾನೂ ಅಪ್ಪನ ಹಿಂದೆ ಹೋದೆ. ಒಂದು ಮೇಕೆ ಯಾರದೋ ಹೊಲದ ಕಡೆ ತಿರುಗಿತೆಂದು ಅದನ್ನು ಒಂದು ಸಲ ಕೂಗಿ ಕರೆದೆ. ಒಂದೇ ಸಲ. ಮೇಕೆ ಇದ್ದಲ್ಲೇ ಇತ್ತು, ಮೂವತ್ತು ಕುರಿಗಳು ಮೂವತ್ತು ದಿಕ್ಕಿಗೆ ಓಡಿದವು. ಅವನ್ನು ಒಟ್ಟುಮಾಡುವುದಕ್ಕೆ ಸಂಜೆಯಾಯಿತು. ಅಪ್ಪ ಬೈಯಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ, "ನಾಳೆ ನೀನು ಅವ್ವಂಗೆ ಜೊತೆಯಾಗಿರು" ಎಂದ ಅಷ್ಟೆ. ಅವ್ವ ಇದನ್ನು ಕೇಳಿ, "ನಂಗ್ಯಾಕೆ ಜೊತೆ, ನಾನು ಚೆನ್ನಾಗೇ ಇದ್ದೀನಿ" ಎಂದಳು.

ಹೀಗೆ ಮನೆಗೂ ಬೇಡ, ಕುರಿಗೂ ಬೇಡ ಆಗಿದ್ದ ದನಿ ಪಂಚಾಯ್ತಿಗೆ ಬೇಕಾಯಿತು. ಆಟೋದಲ್ಲಿ ಮೈಕ್ ಕಟ್ಟಿ ರೆಕಾರ್ಡ್ ಮಾಡಿದ ಎಚ್ಚರಿಕೆಯನ್ನು ಹಾಕಿದರೆ ಜನ ಅದನ್ನು ಐಸ್ ಮಾರುವವರ ಗಾಡಿಯ ಹಾಗೆ ಕೇಳಿ ಸುಮ್ಮನಾಗುತ್ತಿದ್ದರಂತೆ. ಪಿಡಿಒ ಮೇಡಂ ನನ್ನನ್ನು ಕರೆಸಿ, "ನೀವು ಕಂಡಕ್ಟರ್ ಅಲ್ವಾ, ಜನ ನಿಮ್ಮ ಮಾತು ಕೇಳ್ತಾರೆ" ಎಂದರು. ಜನ ಕಂಡಕ್ಟರನ ಮಾತು ಕೇಳುವುದಿಲ್ಲ, ಬೇರೆ ದಾರಿಯಿಲ್ಲದೆ ಒಳಗೆ ಸರಿಯುತ್ತಾರೆ ಎಂದು ನಾನು ಬಿಡಿಸಿ ಹೇಳಲಿಲ್ಲ. ಒಪ್ಪಿಕೊಂಡೆ. ಆಟೋ ನಜೀರಣ್ಣನದು. ನಜೀರಣ್ಣ ಶಿರಾದವರು, ಮದುವೆಯಾಗಿ ನಮ್ಮ ಕಡೆ ಬಂದು ನೆಲೆಸಿದವರು, ನನಗಿಂತ ಹತ್ತು ವರ್ಷ ದೊಡ್ಡವರು. ಮೇಡಂ ಕೊಟ್ಟ ಚೀಟಿಯಲ್ಲಿ "ಸಾರ್ವಜನಿಕರು ಪರಸ್ಪರ ಆರು ಅಡಿ ಅಂತರ ಕಾಯ್ದುಕೊಳ್ಳತಕ್ಕದ್ದು" ಎಂದಿತ್ತು.

ಮೊದಲ ಊರಿನಲ್ಲೇ ಎಡವಟ್ಟಾಯಿತು. ಚೀಟಿ ಹಿಡಿದು, ಗಂಟಲು ಸರಿಮಾಡಿಕೊಂಡು ಮೈಕ್ ಬಾಯಿಗಿಟ್ಟೆ. ಮೂರು ವರ್ಷದ ಅಭ್ಯಾಸ ನೋಡಿ, ಬಾಯಿಂದ ಬಂದದ್ದು "ಬನ್ನಿ, ಬನ್ನಿ, ಬೇಗ ಬನ್ನಿ" ಎಂದು. ಆಮೇಲೆ ಎಷ್ಟು ಬೇಗ ಆರು ಅಡಿಯ ಮಾತಿಗೆ ಬಂದರೂ ಪ್ರಯೋಜನವಾಗಲಿಲ್ಲ. ಆ ಊರಿನವರಿಗೆ ನನ್ನ ದನಿ ಎಂದರೆ ಬಸ್ಸು. ಬಸ್ಸು ಬಿಟ್ಟರು ಎಂದುಕೊಂಡು ಹತ್ತಿಪ್ಪತ್ತು ಜನ ಆಟೋ ಸುತ್ತ ಸೇರಿಬಿಟ್ಟರು. ಒಬ್ಬ ಅಜ್ಜಿ ಬಟ್ಟೆ ಚೀಲ ಕಂಕುಳಲ್ಲಿ ಇಟ್ಟುಕೊಂಡು ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದು, "ನಂಗೊಂದು ಮಧುಗಿರಿ ಕೊಡಪ್ಪ" ಎಂದರು. ಇದು ಬಸ್ಸಲ್ಲ ಅಜ್ಜಿ, ಮನೆಯೊಳಗೇ ಇರಿ ಅಂತ ಹೇಳಲು ಬಂದಿದ್ದೇವೆ ಎಂದೆ. "ಮನೇಲೇ ಇದ್ನಲ್ಲಪ್ಪ. ನಿನ್ ದನಿ ಕೇಳಿ ಒಲೆ ಆರ್ಸಿ ಬಂದೆ. ಮಗಳು ಬಾಣಂತಿ" ಎಂದು ಚೀಲ ಸರಿಮಾಡಿಕೊಂಡು ಹಿಂದಿರುಗಿದರು. ಆ ಅಜ್ಜಿ ನಡೆದು ಹೋದದ್ದು ನನಗೆ ಬಹಳ ದಿನ ಕಣ್ಣಿಗೆ ಕಟ್ಟಿತ್ತು. ನಜೀರಣ್ಣ ಮಾತ್ರ ಊರು ದಾಟಿದ ಮೇಲೆ, "ಕ್ಯಾ ಭಾಯ್, ದೂರ ನಿಲ್ರಿ ಅಂತ ಹೇಳಕ್ಕೆ ಬಂದು ನಿಖಾಗೆ ಸೇರಿದಂಗೆ ಜನ ಸೇರಿಸ್ಬುಟ್ಯಲ್ಲ" ಎಂದರು. ಅಂದಿನಿಂದ ಚೀಟಿ ಬಿಟ್ಟು, ಹೆಸರು ಹಿಡಿದು ಮಾತಾಡಿಸುವುದಕ್ಕೆ ಕಲಿತೆ. ಯಾವ ಊರಿನಲ್ಲಿ ಯಾರು ಯಾವ ವಾರ ಸಂತೆಗೆ ಹೋಗುತ್ತಾರೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಸೊಸೆಯ ಮೇಲೆ ಮುನಿಸಿಕೊಂಡು ತಂಗಿಯ ಮನೆಗೆ ಹೋಗುತ್ತಾರೆ ಎಂಬುದೆಲ್ಲ ಬಸ್ಸಿನಲ್ಲಿ ನನಗೆ ತಿಳಿದಿದ್ದ ವಿಷಯವೇ. ಜನ ಕೇಳತೊಡಗಿದರು. ನನಗೂ ಬದುಕಿದ ಹಾಗೆ ಅನಿಸಿತು.

ಮಧ್ಯೆ ಕೆಲವು ತಿಂಗಳು ಬಸ್ಸು ಓಡಿ, ಮರುವರ್ಷ ಬೇಸಿಗೆಯಲ್ಲಿ ಮತ್ತೆ ನಿಂತಿತು. ಈ ಸಲದ್ದು ನಗುವ ಮಾತಾಗಿರಲಿಲ್ಲ. ಹೋದ ಸಲ ಪೇಟೆಯಲ್ಲಿದ್ದ ಕಾಯಿಲೆ ಈ ಸಲ ಊರೂರಿಗೆ ಬಂತು. ಲಸಿಕೆ ಬಂದಿತ್ತು, ಹಾಕಿಸಿಕೊಳ್ಳಿ ಎಂದು ನಾನು ಮೈಕಿನಲ್ಲಿ ಕೂಗುತ್ತಿದ್ದೆ. ನಮ್ಮ ಕಡೆ ಅದಕ್ಕೆ ಸೂಜಿ ಎಂದೇ ಹೆಸರು. ಅಂಥ ಒಂದು ದಿನ ರಾಮಾಂಜಿನಪ್ಪನವರನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ, ಆಕ್ಸಿಜನ್ ಹಾಕಿದ್ದಾರೆ ಎಂದು ಅವರ ಸೊಸೆ ಫೋನ್ ಮಾಡಿ ಹೇಳಿದಳು. ಅವರು ಸೂಜಿ ಹಾಕಿಸಿಕೊಂಡಿರಲಿಲ್ಲ. ದಿನವೂ ಫೋನ್ ಮಾಡುತ್ತಿದ್ದೆ. ಐದನೇ ದಿನ ಅವರೇ ತೆಗೆದರು. "ಏಂ ನಾಯ್ನಾ" ಎಂದರು. ನಿಂತರು. ಉಸಿರು ಎಳೆದುಕೊಂಡರು. "ಬಾಗುನ್ನಾವಾ" ಎಂದರು. ಮತ್ತೆ ನಿಂತರು. ಎದುರು ಬರುವ ಲಾರಿಯವನಿಗೆ ಕಿಟಕಿಯಿಂದ ತಲೆ ಹೊರಹಾಕಿ ಒಂದೇ ಉಸಿರಿನಲ್ಲಿ ವಂಶವೃಕ್ಷ ಒಪ್ಪಿಸುತ್ತಿದ್ದ ಮನುಷ್ಯ, ಚೆನ್ನಾಗಿದ್ದೀಯಾ ಎಂದು ಕೇಳಲು ಎರಡು ಸಲ ನಿಲ್ಲಬೇಕಾಯಿತು. ನಾನು ಮಾತಾಡಬೇಡಿ ಎಂದೆ. ಅವರು ಬಿಡಲಿಲ್ಲ. "ಅಮ್ಮಕಿ... ಸೂದಿ ಏಯಿಂಚು" ಎಂದರು. ಅಮ್ಮನಿಗೆ ಸೂಜಿ ಹಾಕಿಸು ಎಂದು. ಅವ್ವನ ಉಬ್ಬಸ ಅವರಿಗೆ ಗೊತ್ತಿತ್ತು.

ತೊಂದರೆ ಇದ್ದದ್ದೇ ಅಲ್ಲಿ. ಇಡೀ ಹೋಬಳಿಗೆ ಸೂಜಿ ಹಾಕಿಸಿಕೊಳ್ಳಿ ಎಂದು ಕೂಗುವವನ ತಾಯಿ ಹಾಕಿಸಿಕೊಂಡಿರಲಿಲ್ಲ. ಅವ್ವನ ಹತ್ತಿರ ದಿನಕ್ಕೊಂದು ಕಾರಣ ಇರುತ್ತಿತ್ತು. ಅಮಾವಾಸ್ಯೆ ಕಳೀಲಿ ಎಂದಳು. ಅಮಾವಾಸ್ಯೆ ಕಳೆಯಿತು. ಎರಡು ಕುರಿ ಗಬ್ಬ ಇದಾವೆ, ಈಯಲಿ ಎಂದಳು. ಅವೂ ಈದವು. "ನಿನ್ನ ಹೆತ್ತಾಗ ಹಾಕಿಸ್ಕಂಡಿದ್ದೇ ಸಾಕು ಕಣ್ಲಾ, ಅದ್ರಿಂದ ಆಗಿರೋದು ಕಾಣ್ತೈತಲ್ಲ" ಎಂದಳು. ನಾನು ರೇಗಿದೆ, ಬೇಡಿಕೊಂಡೆ, ರಾಮಾಂಜಿನಪ್ಪನವರ ಸುದ್ದಿ ಹೇಳಿದೆ. ಅದನ್ನು ಕೇಳಿ ಕಣ್ಣೊರೆಸಿಕೊಂಡು, ಅವರಿಗೆ ಹರಕೆ ಕಟ್ಟಿದಳೇ ಹೊರತು ಸೂಜಿಯ ಮಾತೆತ್ತಲಿಲ್ಲ. ಊರ ಶಾಲೆಯಲ್ಲಿ ಸೂಜಿ ಹಾಕುವ ದಿನ ನರ್ಸಮ್ಮ ಡಬ್ಬಿ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕೂತರೂ ಬಂದವರು ಗಂಡಸರೇ. ಹೆಂಗಸರು ನಾಲ್ಕೈದು ಜನ. ಯಾವ ಬೀದಿಗೆ ಹೋದರೂ ಹೆಂಗಸರು ನನ್ನನ್ನು ಕೇಳುವುದು ಒಂದೇ ಮಾತು: "ನಿಮ್ಮವ್ವ ಹಾಕಿಸ್ಕಂಡ್ಲಾ?"

ಮುಂದಿನ ಸಲ ಸೂಜಿಯವರು ಬಂದ ದಿನ ನಾನು ಮಾಡಿದ ಕೆಲಸ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆಟೋವನ್ನು ನಮ್ಮ ಮನೆಯ ಮುಂದೆಯೇ ನಿಲ್ಲಿಸಲು ಹೇಳಿ, ಮೈಕಿನಲ್ಲಿ, "ಕಂಡಕ್ಟರ್ ಜುಂಜಣ್ಣನ ತಾಯಿ ಕರಿಯಮ್ಮನವರು ಎಲ್ಲೇ ಇದ್ದರೂ ಕೂಡಲೇ ಶಾಲೆಯ ಬಳಿ ಬರಬೇಕು" ಎಂದು ಮೂರು ಸಲ ಕೂಗಿದೆ. ಮೂರನೆಯದಕ್ಕೆ ಅವ್ವ ಹೊರಗೆ ಬಂದಳು. ಕೈಯಲ್ಲಿ ಮುದ್ದೆ ತಿರುವುವ ಕೋಲಿತ್ತು, ಕೋಲಿನ ತುದಿಯಲ್ಲಿ ಹಿಟ್ಟು ಮೆತ್ತಿತ್ತು. ಹೊಡೆಯುತ್ತಾಳೆಂದು ನಾನು ಮೈಕನ್ನು ಕೆಳಗಿಳಿಸಿ ಎದೆಗೆ ಅಡ್ಡ ಹಿಡಿದೆ. ಅವಳು ಹೊಡೆಯಲಿಲ್ಲ. ಕೂಗಲು ಉಸಿರಿಲ್ಲದ್ದರಿಂದ ಹತ್ತಿರ ಬಂದು, ಮೆಲ್ಲಗೆ ಮಾತಾಡಿದಳು.

"ನಂಗೇನು ಸಾಯಕ್ಕೆ ಆಸೆನೇನ್ಲಾ? ಎದುರು ಮನೆ ಗೌರಮ್ಮನ ತಂಗಿ ಹಾಕಿಸ್ಕಂಡು ಜ್ವರದಾಗೆ ಮನಿಕ್ಕಂಡ್ಲು. ಅವಳ ಗಂಡ ಒಂದಿನ ಬನ್ನು ತಿಂದ, ಎರಡನೇ ದಿನ ಉಪಾಸ ಕುಂತ. ಮೂರನೇ ದಿನ ಅವಳೇ ಎದ್ದು ಜ್ವರದಾಗೇ ಹಿಟ್ಟು ತಿರುವಿದ್ಲು. ನಾನು ಮನಿಕ್ಕಂಡ್ರೆ ನಿಮ್ಮಪ್ಪಂಗೆ ಯಾರು ತಿರುವ್ತಾರೆ? ಬಿಸಿಲಾಗೆ ದಿನವೆಲ್ಲ ತಿರುಗಿ ಬರೋ ಜೀವ ಅದು. ನೀನು ತಿರುವ್ತೀಯಾ? ಇಪ್ಪತ್ತಾರು ವರ್ಷಕ್ಕೆ ನಿಂಗೆ ಎಸರಿಡಕ್ಕೆ ಬರಲ್ಲ, ಊರಿಗೆಲ್ಲ ಬುದ್ಧಿ ಹೇಳ್ತೀಯ."

ನಜೀರಣ್ಣ ಹಿಂದಕ್ಕೆ ತಿರುಗಿ, "ಮೈಕ್ ಆನ್ ಐತೆ ಭಾಯ್" ಎಂದರು. ಅದೂ ಮೈಕಿನಲ್ಲಿ ಕೇಳಿಸಿತು. ಹುಟ್ಟಿದಾಗಿನಿಂದ ಪಕ್ಕದ ಮನೆಗೆ ಕೇಳುವಷ್ಟು ಮಾತಾಡದ ಅವ್ವನ ಮಾತು ಆವತ್ತು ಊರಿನ ಕೊನೆಯ ಮನೆಯವರೆಗೂ ಹೋಗಿತ್ತು. ಆಮೇಲೆ ಎದುರು ಜಗಲಿಯಿಂದ ಗೌರಮ್ಮ, "ನಂದೂ ಅದೇ ಕಣಕ್ಕ" ಎಂದರು. ಅತ್ತಲಿಂದ ಇನ್ನೊಬ್ಬರು, "ನಮ್ಮನೇಲೂ ಅಷ್ಟೇಯ" ಎಂದರು. ಸೂಜಿಗೆ ಹೆದರಿದ್ದಾರೆ, ಯಾರದೋ ಗಾಳಿಮಾತು ನಂಬಿದ್ದಾರೆ ಎಂದು ನಾನು ತಿಂಗಳುಗಟ್ಟಲೆ ಧೈರ್ಯ ಹೇಳಿದ್ದೆ. ಅವರಿಗೆ ಬೇಕಿದ್ದದ್ದು ಧೈರ್ಯವಲ್ಲ, ಮೂರು ದಿನ ಅಡುಗೆ ಮಾಡುವವರು. ನಾನು ಮೈಕ್ ಎತ್ತಿ, "ನಾನು ತಿರುವ್ತೀನಿ" ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಸಣ್ಣ ದನಿಯಲ್ಲಿ ನಾನು ಏನನ್ನೂ ಹೇಳಿಲ್ಲ. ಗೌರಮ್ಮ, "ಮೊದ್ಲು ತಿರುವಿ ತೋರ್ಸಪ್ಪ, ಆಮೇಲೆ ನೋಡಾನ" ಎಂದರು.

ಕಲಿಯಲು ನಾಲ್ಕು ದಿನ ಹಿಡಿಯಿತು. ಅವ್ವ ಮಣೆಯ ಮೇಲೆ ಕೂತು ಬಾಯಲ್ಲಿ ಹೇಳುವಳು, ಕೈ ಮುಟ್ಟಿಸಳು. ಎಸರು ಮರಳಬೇಕು, ಹಿಟ್ಟು ಸುರಿದು ಬೇಯಲು ಬಿಡಬೇಕು, ಆಮೇಲೆ ಪಾತ್ರೆಯನ್ನು ಇಳಿಸಿ ಅದುಮಿ ಹಿಡಿದು ಕೋಲಿನಿಂದ ತಿರುವಬೇಕು. ಕೇಳಲು ಸುಲಭ. ಜನ ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ಹೋಗುವ ತೋಳಬಲ ನನ್ನದು; ಆ ಪಾತ್ರೆಯ ಮುಂದೆ ಅದು ಯಾವ ಲೆಕ್ಕಕ್ಕೂ ಬರಲಿಲ್ಲ. ಮೊದಲ ದಿನದ್ದು ತಟ್ಟೆಯಲ್ಲಿ ನಿಲ್ಲದೆ ಹರಿಯಿತು. ಅಪ್ಪ ಕೈಯಲ್ಲಿ ಹಿಡಿಯಲು ನೋಡಿ, ಆಗದೆ, ಲೋಟಕ್ಕೆ ಹಾಕಿಸಿಕೊಂಡು ಕುಡಿದ. ಎರಡನೇ ದಿನದ್ದು ದುಂಡಗೆ ಬಂತೆಂದು ನಾನು ಬೀಗಿದೆ. ಅವ್ವ ಅದನ್ನು ಮುರಿದು ನೋಡಿ, ಒಳಗಿದ್ದ ಒಣ ಹಿಟ್ಟಿನ ಗಂಟು ತೋರಿಸಿ, "ಇದು ಇನ್ನೂ ರಾಗಿ ಮಿಷನ್ನಾಗೇ ಐತೆ" ಎಂದಳು. ಅದನ್ನು ಎದುರು ಮನೆಯ ನಾಯಿಗೆ ಹಾಕಿದೆ. ನಾಯಿ ಮೂಸಿ, ಹಿಂದೆ ಸರಿದು, ಆರು ಅಡಿ ಅಂತರ ಕಾಯ್ದುಕೊಂಡಿತು. ಮೂರನೇ ದಿನ ಕೈ ಸುಟ್ಟುಕೊಂಡೆ. ನಾಲ್ಕನೇ ದಿನ ಅಪ್ಪ ಉಂಡು ಮುಗಿಸಿ ಕೈ ತೊಳೆಯಲು ಏಳದೆ ಕೂತಿದ್ದ. ಏನೆಂದು ಕೇಳಿದರೆ, "ಇನ್ನರ್ಧ ಇದ್ರೆ ಹಾಕು" ಎಂದ. ಗೌರಮ್ಮ ಪರೀಕ್ಷೆಗೆಂದು ಬಂದು, ಉಳಿದ ಅರ್ಧವನ್ನು ಬೆರಳಿನಿಂದ ಒತ್ತಿ ನೋಡಿ, ನೇರ ಮನೆಗೆ ಹೋಗಿ ತಮ್ಮ ಗಂಡನನ್ನು ಒಲೆಯ ಮುಂದೆ ಕೂರಿಸಿದರು.

ಅದರ ಮುಂದಿನ ವಾರ ಅವ್ವ ಒಳ್ಳೆಯ ಸೀರೆ ಉಟ್ಟು ಶಾಲೆಗೆ ಹೋದಳು. ಅವಳ ಹಿಂದೆ ಎರಡು ಬೀದಿಯ ಹೆಂಗಸರು ಹೋದರು. ನರ್ಸಮ್ಮನಿಗೆ ಡಬ್ಬಿಯಲ್ಲಿದ್ದದ್ದು ಸಾಲದೆ ಇನ್ನೊಂದು ತರಿಸಬೇಕಾಯಿತು. ಆ ವಾರ ನಮ್ಮೂರಿನ ಗಂಡಸರು ಎದುರಾದರೆ ಮಳೆ ಬೆಳೆ ಬಿಟ್ಟು, ಎಸರು ಎಷ್ಟಿಡಬೇಕು ಎಂದು ಕೇಳಿಕೊಳ್ಳುತ್ತಿದ್ದರು. ನಾನು ಬೇರೆ ಊರುಗಳಲ್ಲಿ ಸೂಜಿಯ ಮಾತು ಮುಗಿದ ಮೇಲೆ ಮೈಕಿನಲ್ಲಿ ಮುದ್ದೆ ತಿರುವುವ ಕ್ರಮವನ್ನೂ ಹೇಳತೊಡಗಿದೆ. ಪಿಡಿಒ ಮೇಡಂ ಫೋನ್ ಮಾಡಿ, "ಇದು ಮೇಲಿನಿಂದ ಬಂದ ಚೀಟೀಲಿ ಇಲ್ಲವಲ್ರೀ ಜುಂಜಣ್ಣ" ಎಂದು, ಫೋನ್ ಇಡುವ ಮುಂಚೆ, "ನಿಲ್ಲಿಸ್ಬೇಡಿ ಆದ್ರೆ" ಎಂದರು. ರಾಮಾಂಜಿನಪ್ಪನವರೂ ಒಂದು ತಿಂಗಳಾದ ಮೇಲೆ ಮನೆಗೆ ಬಂದರು. ಬಸ್ಸು ಶುರುವಾದಾಗ ಮತ್ತೆ ಸ್ಟೀರಿಂಗ್ ಹಿಡಿದರು. ಅಂಗಿ ಮೈಮೇಲೆ ನೇತುಹಾಕಿದ ಹಾಗಿತ್ತು. ಲಾರಿಯವರು ಅಡ್ಡ ಬಂದರೆ ಈಗ ಬೈಯುವುದಿಲ್ಲ, ದಾರಿ ಬಿಟ್ಟು, "ಪೋನೀಲೇ, ಹೋಗ್ಲಿ ಬಿಡು, ಉಸ್ರು ದಂಡ" ಎನ್ನುತ್ತಾರೆ.

ಇನ್ನು ಅವ್ವನ ಜ್ವರ. ಅದು ಬರಲೇ ಇಲ್ಲ. ಆಶಾ ಕಾರ್ಯಕರ್ತೆ ಎರಡು ಸಲ ಬಂದು ನೋಡಿ, ಮೈ ತಣ್ಣಗಿದೆ ಎಂದು ಬರೆದುಕೊಂಡು ಹೋದರು. ಅವ್ವ ಮಾತ್ರ ಚಾಪೆ ಬಿಟ್ಟು ಏಳಲಿಲ್ಲ. "ಜ್ವರ ಒಳಗಡೆ ಐತೆ, ಅವಳಿಗೇನು ಗೊತ್ತಾಗ್ತೈತೆ" ಎಂದು ಹೇಳಿ, ಮೂರು ದಿನ ಪೂರ್ತಿ ಮಲಗಿಕೊಂಡೇ ಸಾರಿಗೆ ಉಪ್ಪು, ಒಲೆಗೆ ಸೌದೆ, ಕುರಿಮರಿಗೆ ಸೊಪ್ಪು ಎಲ್ಲವನ್ನೂ ನನ್ನಿಂದ ಮಾಡಿಸಿದಳು. ಮದುವೆಯಾದಾಗಿನಿಂದ ಮೂರು ದಿನ ಒಟ್ಟಿಗೆ ಮಲಗಿದ್ದು ಅದೇ ಮೊದಲು ಎಂದು ಅಪ್ಪ ಆಮೇಲೆ ನನಗೊಬ್ಬನಿಗೇ ಹೇಳಿದ. ಎರಡನೇ ಸೂಜಿಗೆ ನಾನು ಕರೆಯಬೇಕಾಗಲಿಲ್ಲ. ದಿನವನ್ನು ಅವಳೇ ಎಣಿಸಿಕೊಂಡಿದ್ದಳು. ಮೂರನೆಯದು ಬರುವ ಹೊತ್ತಿಗೆ ಊರಿನಲ್ಲಿ ಯಾರಿಗೂ ಕೊರೋನಾ ನೆನಪಿರಲಿಲ್ಲ. ಅಂದು ಶಾಲೆಯ ಬೆಂಚಿನ ಮೇಲೆ ನರ್ಸಮ್ಮನಿಗಿಂತ ಮೊದಲು ಬಂದು ಕೂತಿದ್ದವಳು ನಮ್ಮವ್ವ ಒಬ್ಬಳೇ. ಆ ಸಲ ನಾನು ಮೂರು ದಿನ ಬಸ್ಸಿಗೆ ರಜೆ ಹಾಕಿದೆ.

ಕಳೆದ ತಿಂಗಳು ಅವ್ವ, "ನಾಕನೇದು ಯಾವಾಗಂತೆ, ಪಂಚಾಯ್ತೀಲಿ ಕೇಳ್ಕಂಡು ಬಾರ್ಲಾ" ಎಂದಳು. ಕೇಳಿಕೊಂಡು ಬಂದು, ಸದ್ಯಕ್ಕೆ ಇಲ್ಲವಂತೆ ಎಂದೆ. ಅವಳು, "ಅಂಗಾದ್ರೆ ಇವತ್ತು ಸೂಜಿ ಇಲ್ದಂಗೇ ತಿರುವು" ಎಂದು ಗೋಡೆಗೆ ಒರಗಿ ಕಾಲು ಚಾಚಿದಳು. ನಾನು ಎಸರಿಟ್ಟೆ.